ಮೊದಲು ನೆಟ್ಟಗಿದೆಯಾ ನೋಡಿ, ಅರ ಆಮೇಲೆ

240 ಮಿ.ಮೀ. ಉದ್ದದ ಚಾಕುವಿನ ಅಲಗು ವೈಸ್‌ನಲ್ಲಿ (ಲೋಹವನ್ನು ಬಿಗಿದು ಹಿಡಿಯುವ ಇಕ್ಕಳ) ಎರಡು ತುಂಡಾಯಿತು. ಒಣಕಡ್ಡಿ ಮುರಿದ ಹಾಗೆ ಒಂದೇ ಒಂದು ಟಕ್. ಆರ್ಡರ್ ಕೆಲಸ, ಹಿಡಿಯ ಮರವನ್ನು ಗ್ರಾಹಕರೇ ಆರಿಸಿದ್ದರು, ಕೊಡಬೇಕಾದ ದಿನಕ್ಕೆ ಇನ್ನು ಆರು ದಿನ ಬಾಕಿ. ಪ್ರೊಫೈಲ್ (ಹೊರ ಆಕಾರ), ಟ್ಯಾಂಗ್‌ನ (ಹಿಡಿಯೊಳಗೆ ಹೋಗುವ ಬಾಲ) ತೂತು, ಬೆವೆಲ್ (ಬಾಯಿಯ ಕಡೆಗಿನ ಇಳಿಜಾರು) ಎಲ್ಲ ಸೇರಿ ಎರಡು ದಿನದ ದುಡಿಮೆ ಅದರ ಮೈಮೇಲಿತ್ತು. ಅಲಗು ಸೊಟ್ಟಗಾದದ್ದಕ್ಕೆ ಕಾರಣಗಳು ಹಲವು. ಮುರಿದದ್ದಕ್ಕೆ ಕಾರಣ ಒಂದೇ, ಅದು ಪೂರ್ತಿ ನನ್ನ ತಪ್ಪು.

ಸೊಟ್ಟಗಾದ ಕಥೆ ಕ್ವೆಂಚ್‌ಗಿಂತ (ಕೆಂಪಗೆ ಕಾಯಿಸಿದ ಅಲಗನ್ನು ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವುದು) ಎರಡು ದಿನ ಮೊದಲೇ ಶುರುವಾಗಿತ್ತು. ಉಕ್ಕು 1084 (ಇಂಗಾಲ ಹೆಚ್ಚಿರುವ ಒಂದು ಬಗೆ), ದಪ್ಪ 2.5 ಮಿ.ಮೀ. ಪಟ್ಟಿ ಬಂದಾಗಲೇ ಸ್ವಲ್ಪ ಬಾಗಿತ್ತು. ಅದನ್ನು ವೈಸ್‌ಗೆ ಕೊಟ್ಟು ತಣ್ಣಗಿರುವಾಗಲೇ ಒತ್ತಿ ನೆಟ್ಟಗೆ ಮಾಡಿದ್ದಾಯಿತು. ಕಣ್ಣಿಗೆ ನೆಟ್ಟಗೇ ಕಂಡಿತು. ಆದರೆ ತಣ್ಣಗೆ ಬಗ್ಗಿಸಿದ ಉಕ್ಕಿನೊಳಗೆ ಬಿಗುವು ಉಳಿದಿರುತ್ತದೆ, ಕಿಲ್ನ್‌ನಲ್ಲಿ (ಅಲಗು ಕಾಯಿಸುವ ಒಲೆ) ಕೆಂಪಗಾದಾಗ ಅದು ಸಡಿಲಗೊಂಡು ಅಲಗು ತನಗೆ ಬೇಕಾದ ಕಡೆಗೆ ತಿರುಗುತ್ತದೆ. ಇದಕ್ಕೆ ಮದ್ದು ಗೊತ್ತಿರುವುದೇ: ಬೆವೆಲ್ ಒರಟಾಗಿ ತೆಗೆದ ಮೇಲೆ 650 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಕಿಲ್ನ್‌ನಲ್ಲೇ ನಿಧಾನವಾಗಿ ತಣಿಯಲು ಬಿಡುವುದು. ಅದಕ್ಕೆ ಕಿಲ್ನ್ ಒಂದು ಇಡೀ ರಾತ್ರಿ ಬೇಕು. ಆ ರಾತ್ರಿ ಕಿಲ್ನ್‌ನಲ್ಲಿ ಬೇರೆ ಆರ್ಡರಿನ ಟೆಂಪರ್ (ಗಟ್ಟಿಯಾದ ಅಲಗಿನ ಪೆಡಸುತನ ಇಳಿಸಲು ಮತ್ತೆ ಹದವಾಗಿ ಕಾಯಿಸುವುದು) ನಡೆಯುತ್ತಿತ್ತು, ಆ ಹಂತ ಬಿಟ್ಟುಹೋಯಿತು.

ಬೆವೆಲ್‌ನಲ್ಲೂ ಕುಂದಿತ್ತು. ಬಾಯಿಯ ದಪ್ಪ 0.7 ಮಿ.ಮೀ. ಉಳಿಸಿದ್ದು ಸರಿಯೇ. ಇಷ್ಟು ಉದ್ದದ, ಇಷ್ಟು ತೆಳು ಅಲಗಿಗೆ 0.5ಕ್ಕಿಂತ ಕೆಳಗೆ ಇಳಿದರೆ ಬಾಯಿ ಅಲೆಅಲೆಯಾಗಿ ಸುಕ್ಕಾಗುತ್ತದೆ. ಆದರೆ ಗೆರೆ ಎಳೆದ ನಡುವಿನಿಂದ ಬಾಯಿ ಕೂದಲೆಳೆಯಷ್ಟು ಎಡಕ್ಕೆ ಸರಿದಿತ್ತು, ಅಂದರೆ ಬಲಮೈಯಿಂದ ಹೆಚ್ಚು ಉಕ್ಕು ಹೋಗಿತ್ತು. ಎರಡು ಮೈ ಒಂದೇ ಸಮನಾಗಿಲ್ಲದ ಅಲಗು ಎಣ್ಣೆಯಲ್ಲಿ ಒಂದೇ ಸಮನಾಗಿ ತಣಿಯುವುದಿಲ್ಲ. ಗ್ರೈಂಡರ್ ಮುಂದೆ ನಿಂತಾಗ ಎಡಗೈ ಬಲಗೈ ಒತ್ತಡ ಬೇರೆ ಬೇರೆ ಇರುವುದು ಎಲ್ಲರಿಗೂ ಸಹಜ. ಅದಕ್ಕೇ ಹತ್ತು ಸಲ ಎಳೆದ ಮೇಲೆ ಒಂದು ಸಲ ದಪ್ಪ ಅಳೆಯುವ ಕ್ಯಾಲಿಪರ್ ಹಿಡಿಯಬೇಕು. ಕಣ್ಣನ್ನು ನಂಬುವ ಹಾಗಿಲ್ಲ.

ಇನ್ನು ಎಣ್ಣೆಯ ಟ್ಯಾಂಕ್. ಇದರ ಬಗ್ಗೆ ಹೇಳಿ ಹೇಳಿ ಸಾಕಾಗಿದೆ. ನಮ್ಮಲ್ಲಿರುವುದು ಚಿಕ್ಕ ಚಾಕುಗಳಿಗೆಂದು ಮಾಡಿಸಿದ್ದು, ಆಳ 30 ಸೆಂ.ಮೀ. 240ರ ಅಲಗಿಗೆ ಟ್ಯಾಂಗ್ ಸೇರಿದರೆ 37 ಸೆಂ.ಮೀ. ದಾಟುತ್ತದೆ. ನೆಟ್ಟಗೆ ಇಳಿಸಲು ಜಾಗವಿಲ್ಲದೆ ಓರೆಯಾಗಿ ಇಳಿಸಬೇಕಾಗುತ್ತದೆ, ಆಗ ಒಂದು ಮೈ ಮೊದಲು ಎಣ್ಣೆ ಮುಟ್ಟುತ್ತದೆ. ಎಣ್ಣೆಯೊಳಗೆ ಅಲಗನ್ನು ಬಾಯಿಂದ ಬೆನ್ನಿಗೆ, ಕೊಯ್ಯುವ ದಿಕ್ಕಿನಲ್ಲಿ ಆಡಿಸಬೇಕು. ಅಗಲದ ಕಡೆ ಬೀಸಿದರೆ ಎದುರು ಮೈ ತಣಿದು ಹಿಂದಿನದು ಬಿಸಿಯಾಗಿಯೇ ಉಳಿಯುತ್ತದೆ. ಇಕ್ಕಟ್ಟಾದ ಟ್ಯಾಂಕ್‌ನಲ್ಲಿ ಅಷ್ಟು ಆಡಿಸಲೂ ಆಗುವುದಿಲ್ಲ.

ಕಾವಿನ ವಿಷಯದಲ್ಲಿ ಮಾತ್ರ ಯಾವ ತಪ್ಪೂ ಆಗಿರಲಿಲ್ಲ. ಕಿಲ್ನ್ 815 ಡಿಗ್ರಿ, ಅಲಗು ಪೂರ್ತಿ ಒಂದೇ ಬಣ್ಣಕ್ಕೆ ಬಂದ ಮೇಲೆ ಐದು ನಿಮಿಷ. ಕೆನೋಲಾ ಎಣ್ಣೆ 55 ಡಿಗ್ರಿಗೆ ಬಿಸಿ ಮಾಡಿದ್ದು. ಬಿಸಿಯಾದರೆ ಅದು ತೆಳುವಾಗಿ ಅಲಗಿಗೆ ಬೇಗ ಅಂಟಿಕೊಳ್ಳುತ್ತದೆ, ತಣ್ಣಗಿನ ಮಂದ ಎಣ್ಣೆಗಿಂತ ಚುರುಕಾಗಿ ಕಾವು ಎಳೆಯುತ್ತದೆ. ಕುಲುಮೆಯಲ್ಲಿ ಕೆಲಸ ಮಾಡುವವರು ಅಯಸ್ಕಾಂತ ಹಿಡಿದು ನೋಡುತ್ತಾರಲ್ಲ, ಉಕ್ಕು ಅದಕ್ಕೆ ಅಂಟುವುದನ್ನು ಬಿಡುವುದು ಸುಮಾರು 770ಕ್ಕೆ. ಅಲ್ಲೇ ನಿಲ್ಲಿಸಿದರೆ ಅಲಗು ಪೂರ್ತಿ ಗಟ್ಟಿಯಾಗುವುದಿಲ್ಲ, ಇನ್ನೊಂದು ಛಾಯೆ ಮೇಲೆ ಹೋಗಬೇಕು.

ಎಂಟು ಸೆಕೆಂಡಿಗೆ ಅಲಗು ಎಣ್ಣೆಯಿಂದ ಹೊರಬಂತು, ಹೊಗೆಯಾಡುತ್ತ. ಜೊತೆಗಿದ್ದ ಹುಡುಗ ಅಲಗನ್ನು ನಡುವೆ ಇಟ್ಟು ಒತ್ತುವ ಅಲ್ಯುಮಿನಿಯಂ ಪ್ಲೇಟ್ ಹತ್ತಿರವೇ ನಿಂತಿದ್ದ.

"ಅಣ್ಣಾ, ಪ್ಲೇಟ್ ಕೊಡ್ಲಾ?"

"ಇರು, ಮೊದಲು ಅರ ಕೊಡು."

ಇದೇ ಆ ತಪ್ಪು. ಗಟ್ಟಿಯಾದ ಉಕ್ಕಿನ ಮೇಲೆ ಅರ ಜಾರಬೇಕಿತ್ತು, ಸ್ವಲ್ಪ ಕಚ್ಚಿತು. ಗಟ್ಟಿಯಾಗಿಲ್ಲವೇನೋ ಎಂಬ ಭಯಕ್ಕೆ ಅಲಗಿನ ಹಿಮ್ಮಡಿಯ (ಹಿಡಿಯ ಕಡೆಯ ತುದಿ) ಹತ್ತಿರ ಒಂದು ಸಲ, ನಡುವೆ ಒಂದು ಸಲ, ಮೊನೆಯ ಹತ್ತಿರ ಮತ್ತೊಂದು ಸಲ ಎಳೆದು ನೋಡಿದೆ. ಮೂರನೆಯ ಎಳೆತಕ್ಕೆ ಅರ ಗಾಜಿನ ಮೇಲೆ ಹೋದಂತೆ ಜಾರಿತು. ಮೊದಲು ಕಚ್ಚಿದ್ದು ಕಿಲ್ನ್‌ನ ಗಾಳಿಗೆ ಇಂಗಾಲ ಕಳೆದುಕೊಂಡ ಮೇಲ್ಪದರವನ್ನು, ಒಂದು ಕೂದಲೆಳೆ ದಪ್ಪದ ಮೆತ್ತನೆಯ ಸಿಪ್ಪೆಯನ್ನು. ಅದರ ಕೆಳಗೆ ಉಕ್ಕು ಸರಿಯಾಗಿಯೇ ಗಟ್ಟಿಯಾಗಿತ್ತು. ಸಮಾಧಾನವಾಯಿತು. ಆಮೇಲೆ ಅಲಗನ್ನು ಬೆಳಕಿಗೆ ಹಿಡಿದು ಬೆನ್ನಿನ ಉದ್ದಕ್ಕೂ ನೋಡಿದರೆ ಮೊನೆಯ ಕಡೆಯ ಮೂರನೇ ಒಂದು ಭಾಗ ಮೂರು ಮಿ.ಮೀ. ಓಡಿದೆ, ಅಂದರೆ ಅಷ್ಟು ಪಕ್ಕಕ್ಕೆ ಬಾಗಿದೆ.

ಕೈಗವಸಿಗೆ ಆಗಲೂ ಬೆಚ್ಚಗೆ ತಾಗುತ್ತಿತ್ತು. ಆ ಬಿಸುಪೇ ಮೋಸ ಮಾಡಿತು. ಈ ಉಕ್ಕು ಗಟ್ಟಿಯಾಗಲು ಶುರುವಾಗುವುದು ಸುಮಾರು 200 ಡಿಗ್ರಿಗೆ ಇಳಿದ ಮೇಲೆ. ಅಲ್ಲಿಂದ ತಣ್ಣಗಾಗುವವರೆಗೆ ಸ್ವಲ್ಪ ಸ್ವಲ್ಪವೇ ಗಟ್ಟಿಯಾಗುತ್ತ ಹೋಗುತ್ತದೆ. ಆ ನಡುವಿನ ಹೊತ್ತಿನಲ್ಲಿ ಅಲಗು ಕೈಮಾತು ಕೇಳುತ್ತದೆ, ಕೈಗವಸು ಹಾಕಿಕೊಂಡು ಬಗ್ಗಿಸಿದರೆ ಬಗ್ಗಿದಲ್ಲೇ ನಿಲ್ಲುತ್ತದೆ. ಇಷ್ಟು ತೆಳು ಅಲಗಿಗೆ ಆ ಹೊತ್ತು ಒಂದು ನಿಮಿಷವೂ ಇರುವುದಿಲ್ಲ. ಅರದ ಮೂರು ಎಳೆತದಲ್ಲಿ ಅದು ಕಳೆದುಹೋಗಿತ್ತು. ವೈಸ್‌ಗೆ ಕೊಟ್ಟು ಒತ್ತಿದಾಗ ಮೊದಲು ಸ್ಪ್ರಿಂಗ್‌ನಂತೆ ಎದುರು ತಳ್ಳಿತು. ಅಲ್ಲೇ ಕೈ ಬಿಡಬೇಕಿತ್ತು. ಇನ್ನೊಂದು ಚೂರು ಒತ್ತಿದೆ, ಟಕ್.

ಮುರಿದ ಜಾಗವನ್ನು ಲೆನ್ಸ್ ಹಿಡಿದು ನೋಡಿದರೆ ಹರಳೇ ಕಾಣದ ನುಣುಪು ಬೂದು ಬಣ್ಣ, ಮಖಮಲ್ಲಿನ ಹಾಗೆ. ಕಾವು ಹೆಚ್ಚಾಗಿದ್ದರೆ ಸಕ್ಕರೆ ಚೆಲ್ಲಿದಂತೆ ಮಿನುಗಬೇಕಿತ್ತು. ಹಳೆಯ ಬಿರುಕಿದ್ದರೆ ಅಷ್ಟು ಜಾಗ ಎಣ್ಣೆ ಹೊಕ್ಕು ಕಪ್ಪಾಗಿರಬೇಕಿತ್ತು, ಅದೂ ಇಲ್ಲ. ಒಳ್ಳೆಯ ಅಲಗು ಅದು. ಇದು ಈಗಲೂ ನೋಯಿಸುತ್ತದೆ.

ಈಗ ನಮ್ಮಲ್ಲಿ ಕ್ವೆಂಚ್ ಆದ ಮೇಲೆ ಅರ ಯಾರ ಕೈಗೂ ಸಿಗದಂತೆ ಕಪಾಟಿನಲ್ಲಿರುತ್ತದೆ. ಎಣ್ಣೆಯಿಂದ ಹೊರಬಂದ ಅಲಗನ್ನು ಬೆನ್ನಿನ ಉದ್ದಕ್ಕೆ ಒಂದು ಸಲ ನೋಡಬೇಕು, ಓಡಿದ್ದರೆ ಕೈಯಲ್ಲೇ ತಿದ್ದಿ ಪ್ಲೇಟ್ ನಡುವೆ ಒತ್ತಬೇಕು. ಓಡದಿದ್ದರೂ ಪ್ಲೇಟ್ ನಡುವೆಯೇ ತಣಿಯಬೇಕು. ಗಟ್ಟಿತನ ಎಲ್ಲಿಗೂ ಓಡಿಹೋಗುವುದಿಲ್ಲ, ತಣ್ಣಗಾದ ಮೇಲೆ ಮೇಲ್ಪದರ ಉಜ್ಜಿ ಅರ ಎಳೆದರೆ ಸಾಕು. ಕೈಗೆ ತಣ್ಣಗಾದ ತಕ್ಷಣ ಟೆಂಪರ್‌ಗೆ ಹೋಗಬೇಕು. ರಾತ್ರಿಯಿಡೀ ಹಾಗೇ ಬಿಟ್ಟ ಅಲಗು ಬೆಳಿಗ್ಗೆ ತಾನಾಗಿಯೇ ಬಿರುಕು ಬಿಟ್ಟಿರುವುದುಂಟು.

ಹೊತ್ತು ಮೀರಿದ ಮೇಲೂ ಓಡಿದ್ದು ಕಂಡರೆ ಕೈ ಹಚ್ಚಲೇಬಾರದು. 200 ಡಿಗ್ರಿಯಲ್ಲಿ ಎರಡು ಗಂಟೆ ಮೊದಲ ಟೆಂಪರ್ ಆಗಲಿ. ಇದಾಗದೆ ಕ್ಲ್ಯಾಂಪ್ ಬಿಗಿದರೂ ಅದೇ ಟಕ್. ಮೊದಲ ಟೆಂಪರ್‌ನಿಂದ ತೆಗೆದ ಬಿಸಿಯಲ್ಲೇ ಅಲಗನ್ನು ದಪ್ಪ ಕಬ್ಬಿಣದ ಪಟ್ಟಿಯ ಮೇಲೆ, ಉಬ್ಬಿದ ಮೈ ಮೇಲೆ ಬರುವಂತೆ ಇಟ್ಟು, ಬಾಗಿನ ಎರಡು ಕಡೆ ತಳಕ್ಕೆ ತುಣುಕು ಕೊಟ್ಟು, ಉಬ್ಬಿನ ನೆತ್ತಿಗೆ ಕ್ಲ್ಯಾಂಪ್ ಬಿಗಿಯಬೇಕು. ನೆಟ್ಟಗಾದಲ್ಲಿಗೆ ನಿಲ್ಲಿಸಿದರೆ ಪ್ರಯೋಜನವಿಲ್ಲ, ಬಿಟ್ಟ ಕೂಡಲೇ ಹಿಂದಕ್ಕೆ ಬರುತ್ತದೆ. ಮೂರು ಮಿ.ಮೀ. ಓಡಿದ್ದರೆ ಆಚೆ ಕಡೆಗೂ ಹೆಚ್ಚುಕಡಿಮೆ ಅಷ್ಟೇ ಬಗ್ಗಿಸಿ ಎರಡನೆಯ ಎರಡು ಗಂಟೆಗೆ ಒಳಗೆ ಕಳಿಸಬೇಕು. ಕ್ಲ್ಯಾಂಪ್ ಪೂರ್ತಿ ಉಕ್ಕಿನದ್ದಿರಲಿ, ಹಿಡಿಗೆ ಪ್ಲಾಸ್ಟಿಕ್ ಇರುವುದು ಕರಗುತ್ತದೆ. ಸಾಲದಿದ್ದರೆ ಮೂರನೆಯ ಸಲ, ತುಣುಕು ಇನ್ನಷ್ಟು ದಪ್ಪ. ಕಾವು ಮಾತ್ರ ಏರಿಸಬಾರದು, ಏರಿಸಿದರೆ ಗಟ್ಟಿತನ ಇಳಿಯುತ್ತದೆ.

ಆರ್ಡರ್ ತೆಗೆದುಕೊಳ್ಳುವವರಿಗೆ ಇದೆಲ್ಲ ಕಾಣುವುದಿಲ್ಲ. ಅವರು ದಿನ ಲೆಕ್ಕ ಹಾಕುವುದು ಕೈ ಆಡುವ ಗಂಟೆಗಳಿಂದ. ಬಿಗುವು ಬಿಡಿಸುವ ಸ್ಟ್ರೆಸ್ ರಿಲೀಫ್‌ಗೆ ಒಂದು ರಾತ್ರಿ, ಎರಡು ಟೆಂಪರ್‌ಗೆ ತಣಿಯುವುದೂ ಸೇರಿ ಒಂದು ದಿನ, ಹಿಡಿ ಅಂಟಿಸುವ ಎಪಾಕ್ಸಿಗೆ 24 ಗಂಟೆ, ಇವೆಲ್ಲ ಕೈ ಕಟ್ಟಿ ಕೂರುವ ಹೊತ್ತು, ಆದರೂ ಕೆಲಸದ ಹೊತ್ತೇ. ಈಗ ಆರ್ಡರ್ ಚೀಟಿಯಲ್ಲಿ ಅವುಗಳಿಗೇ ಒಂದು ಕಾಲಂ ಮಾಡಿಸಿದ್ದೇವೆ. ಪ್ರತಿ ಆರ್ಡರಿಗೂ ಒಂದೇ ಪಟ್ಟಿಯಿಂದ ಎರಡು ಬ್ಲ್ಯಾಂಕ್ (ಅಲಗಿನ ಕಚ್ಚಾ ತುಂಡು) ಕತ್ತರಿಸುತ್ತೇವೆ. ಟೆಂಪರ್ ಮುಗಿದು, ಹಿತ್ತಾಳೆ ಸರಳಿನ ಮೇಲೆ ಬಾಯಿ ಒತ್ತಿ ನೋಡಿ, ಬಾಗಿ ಮತ್ತೆ ನೆಟ್ಟಗೆ ಬಂದ ಮೇಲೆಯೇ ಹಿಡಿಯ ಮರಕ್ಕೆ ಗರಗಸ ತಾಗುತ್ತದೆ.

ಮುರಿದ ಅಲಗಿನ ಜೋಡಿ ಬ್ಲ್ಯಾಂಕ್ ಆಗ ಇರಲಿಲ್ಲ. ಹೊಸ ಪಟ್ಟಿಯಿಂದ ಮತ್ತೆ ಶುರು ಮಾಡಿ, 650ರ ರಾತ್ರಿ ಕೊಟ್ಟು, ಕ್ವೆಂಚ್ ಮಾಡಿದಾಗ ಅದೂ ಒಂದು ಮಿ.ಮೀ. ಓಡಿತು, ಕೈಯಲ್ಲೇ ಸರಿಹೋಯಿತು. ಗ್ರಾಹಕರಿಗೆ ಐದು ದಿನ ತಡವಾಗಿ ತಲುಪಿತು. ಟ್ಯಾಂಕ್ ಇನ್ನೂ ಹಳೆಯದೇ. ಬೇಕಾದ ಅಳತೆ ಮತ್ತೊಮ್ಮೆ ಬರೆದುಕೊಟ್ಟಿದ್ದೇನೆ: 15 ಸೆಂ.ಮೀ. ಅಗಲದ ಉಕ್ಕಿನ ಪೈಪ್, ಎತ್ತರ 55, ಎಣ್ಣೆ 45ರವರೆಗೆ ಸುಮಾರು ಎಂಟು ಲೀಟರ್, ಉರುಳದಂತೆ ಅಗಲವಾದ ತಳ, ಬೆಂಕಿ ಹತ್ತಿದರೆ ಮುಚ್ಚಲು ಕಬ್ಬಿಣದ ಮುಚ್ಚಳ.