ಗಾಡಿ ಟಾಯ್ಲೆಟ್ ಟ್ಯಾಂಕು, ಸವಳು ನೀರು ಮತ್ತೆ ಆ ನಾತ

ನಮ್ಮ ಆಯಿಗೆ ಎಪ್ಪತ್ತೆರಡು, ಶುಗರ್ ಇದೆ, ಮಂಡಿ ನೋವು ಬೇರೆ. ಶಿರಸಿಯಿಂದ ಗೋಕರ್ಣಕ್ಕೆ ಹೋಗೋದು ಅಂದ್ರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ಬಿಡ್ತಿದ್ಲು, ದಾರಿಲಿ ಎಲ್ಲಿ ಇಳಿಯೋದು ಅನ್ನೋ ಹೆದರಿಕೆಗೆ. ಹಳೇ ಟೆಂಪೋ ಟ್ರಾವೆಲರ್ ತಗೊಂಡು ಒಳಗೆ ಮಂಚ, ಸಣ್ಣ ಅಡುಗೆ ಕಟ್ಟೆ, ಹಿಂದಿನ ಮೂಲೆಲಿ ಒಂದು ಸಂಡಾಸು ಮಾಡಿಸಿದ್ದಕ್ಕೆ ದೊಡ್ಡ ಕಾರಣ ಇದೇ. ಕೆಳಗೆ 80 ಲೀಟರಿನ ಪ್ಲಾಸ್ಟಿಕ್ ಟ್ಯಾಂಕು, ಕಾಲಲ್ಲಿ ಪೆಡಲ್ ಒತ್ತಿದ್ರೆ ಮುಚ್ಚಳ ತೆರೆದು ಎಲ್ಲಾ ನೇರ ಟ್ಯಾಂಕಿಗೆ ಬೀಳತ್ತೆ, ಖಾಲಿ ಮಾಡೋಕೆ ಅಡಿಗೆ ಒಂದು ವಾಲ್ವ್.

ಕಳೆದ ಮೇ ತಿಂಗಳಲ್ಲಿ ಕುಮಟಾ, ಅಂಕೋಲಾ, ಕಾರವಾರ ಅಂತ ಮೂರು ರಾತ್ರಿ ಹೋಗಿದ್ವಿ. ಎರಡನೇ ದಿನ ಮಧ್ಯಾಹ್ನಕ್ಕೆ ಗಾಡಿ ಒಳಗೆ ಕೂರೋಕೇ ಆಗದಂಥ ನಾತ. ಬರೀ ಸಂಡಾಸಿನ ವಾಸನೆ ಅಲ್ಲ ಅದು, ಕೊಳೆತ ಮೊಟ್ಟೆ ವಾಸನೆ ಅಂತಾರಲ್ಲ ಅದು, ಮೂಗಿಗೆ ಹೊಡೆದು ತಲೆನೋವು ಬರೋ ತರ. "ತಮಾ, ಎಂಗೆ ಬ್ಯಾಡ ಇದು, ನಾತ ತಡ್ಕಂಬಲಾಗ್ತಿಲ್ಲೆ" ಅಂದ್ಲು ಆಯಿ, ಅಷ್ಟೇ, ಮತ್ತೆ ನೀರು ಕುಡಿಯೋದು ನಿಲ್ಲಿಸಿದ್ಲು. ಮೇ ತಿಂಗಳ ಆ ಸೆಕೆಲಿ, ಶುಗರ್ ಇರೋರು. ನನಗೆ ಆವತ್ತು ಆದ ಸಂಕಟ ಹೇಳೋಕಾಗಲ್ಲ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ, ಫಿನಾಯಿಲ್ ಸುರಿದೆ, ನುಸಿಗುಳಿಗೆ ತಂದು ಮೂಲೆಗಿಟ್ಟೆ, ರೂಮ್ ಫ್ರೆಶ್ನರ್ ಹೊಡೆದೆ, ಊದಬತ್ತಿ ಹಚ್ಚಿದೆ. ನಾತದ ಮೇಲೆ ಪರಿಮಳ ಕೂತು ಇನ್ನೂ ವಾಕರಿಕೆ ಬರೋ ಹಾಗಾಯ್ತು. ಊರಿಗೆ ಬಂದ ಮೇಲೆ ಕೂತು ಯೋಚಿಸಿದಾಗ, ನಮ್ಮನೆ ಹಿಂದೆ ಗೋಬರ್ ಗ್ಯಾಸ್ ಗುಂಡಿ ಇರೋ ನನಗೆ ಇದು ಮೊದಲೇ ಹೊಳೀಬೇಕಿತ್ತು ಅನ್ನಿಸ್ತು. ಗಾಳಿ ಆಡದ ಕಡೆ ಕೊಳೆತ್ರೆ ಗ್ಯಾಸ್ ಹುಟ್ಟೇ ಹುಟ್ಟತ್ತೆ, ಮಿಥೇನ್‌ಗೆ ವಾಸನೆ ಇಲ್ಲ, ನಾರೋದು ಅದರ ಜೊತೆ ಬರೋ ಹೈಡ್ರೋಜನ್ ಸಲ್ಫೈಡ್, ಅಮೋನಿಯಾ ಇಂಥವು. ಅದೇ ಗೊಬ್ಬರದ ಗುಂಡಿಲಿ ಸೊಪ್ಪು, ದರಕು (ಒಣಗಿದ ಎಲೆ), ಸಗಣಿ ಪದರ ಪದರವಾಗಿ ಹಾಕಿ ಗಾಳಿ ಆಡೋಕೆ ಬಿಟ್ರೆ ಅಷ್ಟು ನಾರಲ್ಲ. ಅಂದ್ರೆ ನಮ್ಮ ಟ್ಯಾಂಕಲ್ಲೂ ನೋಡಬೇಕಾದ್ದು ಎರಡೇ, ಹುಟ್ಟಿದ ಗ್ಯಾಸು ಎಲ್ಲಿ ಹೊರಗೆ ಹೋಗ್ತಾ ಇದೆ, ಮತ್ತೆ ಅಷ್ಟೊಂದು ಗ್ಯಾಸು ಯಾಕೆ ಹುಟ್ತಾ ಇದೆ.

ಮೊದಲನೇದು ಗಾಡಿ ಮಾಡಿಕೊಟ್ಟವರ ತಪ್ಪು. ಟ್ಯಾಂಕಿನಿಂದ ಮೇಲೆ ಛಾವಣಿವರೆಗೆ ಒಂದು ಗಾಳಿ ಪೈಪ್ ಇದೆ, ಗ್ಯಾಸು ಅದರಲ್ಲೇ ಮೇಲೆ ಹೋಗಬೇಕು. ಈ ಪೈಪಿನ ಬಾಯಿ ಟ್ಯಾಂಕಿನ ಮೇಲ್ಭಾಗದಲ್ಲೇ ನಿಲ್ಲಬೇಕು. ನಮ್ಮದರಲ್ಲಿ ಅದನ್ನ ಗಮ್ ಹಾಕಿ ಕೂರಿಸಿರಲಿಲ್ಲ, ಬರೀ ರಬ್ಬರ್ ರಿಂಗಿನಲ್ಲಿ ತೂರಿಸಿ ಬಿಟ್ಟಿದ್ರು. ದೇವಿಮನೆ ಘಾಟಿ ಇಳಿದು ಹತ್ತಿ ಕುಲುಕಿ ಕುಲುಕಿ ಪೈಪು ಒಳಗೆ ಜಾರಿ ಹತ್ತಿರ ಹತ್ತಿರ ಒಂದು ಗೇಣು ಕೆಳಗೆ ಹೋಗಿತ್ತು. ಟ್ಯಾಂಕು ಅರ್ಧ ತುಂಬಿದ ಕೂಡಲೇ ಪೈಪಿನ ಬಾಯಿ ನೀರಲ್ಲಿ ಮುಳುಗ್ತಾ ಇತ್ತು, ಗ್ಯಾಸಿಗೆ ಮೇಲೆ ಹೋಗೋಕೆ ದಾರಿನೇ ಇಲ್ಲ, ಪೆಡಲ್ ಒತ್ತಿದ ತಕ್ಷಣ ಎಲ್ಲಾ ಮುಖಕ್ಕೇ ಬರ್ತಾ ಇತ್ತು. ಅದಕ್ಕೇ ಮೊದಲ ದಿನ ಏನೂ ವಾಸನೆ ಇಲ್ದೆ ಎರಡನೇ ದಿನ ಶುರುವಾಗಿದ್ದು. ಪೈಪ್ ಮೇಲೆತ್ತಿ, ಕೆಳಗೆ ಜಾರದ ಹಾಗೆ ಒಂದು ಕ್ಲಾಂಪ್ ಹಾಕಿ ಸೀಲ್ ಮಾಡಿದ್ವಿ, ಒಂದು ಗಂಟೆ ಕೆಲಸ.

ಅರ್ಧ ವಾಸನೆ ಹೋಯ್ತು. ಆದ್ರೆ ಆ ಕೊಳೆತ ಮೊಟ್ಟೆ ವಾಸನೆ ಯಾಕೆ ಶಿರಸಿ, ಯಲ್ಲಾಪುರ ಕಡೆ ಸುತ್ತುವಾಗ ಬರಲ್ಲ, ಕರಾವಳಿಗೆ ಇಳಿದಾಗ ಮಾತ್ರ ಬರತ್ತೆ? ಸೆಕೆ ಒಂದು ಕಾರಣ ನಿಜ, ಬಿಸಿ ಹತ್ತು ಡಿಗ್ರಿ ಏರಿದ್ರೆ ಈ ಬ್ಯಾಕ್ಟೀರಿಯಾಗಳ ಕೆಲಸ ಹೆಚ್ಚುಕಮ್ಮಿ ಎರಡು ಪಟ್ಟಾಗತ್ತೆ, ಗಾಡಿ ನೆರಳಲ್ಲಿ ನಿಲ್ಲಿಸೋದೇ ದೊಡ್ಡ ಔಷಧಿ. ಆದ್ರೆ ನನ್ನ ಮಟ್ಟಿಗೆ ದೊಡ್ಡ ತಪ್ಪು ಆಗಿದ್ದು ನೀರಲ್ಲಿ. ನಾನು ಫ್ಲಶ್ಶಿಗೆ ಬೇರೆ ಕ್ಯಾನು ಇಟ್ಕೊಂಡಿದ್ದೆ, ಬೇಸಿಗೆಲಿ ಕುಡಿಯೋ ನೀರನ್ನ ಸಂಡಾಸಿಗೆ ಯಾಕೆ ಹಾಳು ಮಾಡೋದು ಅಂತ ಅದಕ್ಕೆ ಅಳಿವೆ ಪಕ್ಕದ ಬಾವಿಯ ಸವಳು ನೀರು ತುಂಬಿಸಿದ್ದೆ, ಕಾರವಾರದಲ್ಲಿ ಎರಡು ಕೊಡ ಸಮುದ್ರದ ನೀರನ್ನೇ ಹಾಕಿದ್ದೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್, ಅಂದ್ರೆ ಗಂಧಕ ಇರೋ ಲವಣ, ಇರತ್ತೆ. ಗಾಳಿ ಇಲ್ಲದ ಕಡೆ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಈ ಸಲ್ಫೇಟನ್ನೇ ಬಳಸ್ಕೊಂಡು ಹೈಡ್ರೋಜನ್ ಸಲ್ಫೈಡ್ ಮಾಡ್ತವೆ. ಸಮುದ್ರದ ನೀರಲ್ಲೇ ಫ್ಲಶ್ ಮಾಡೋ ದೋಣಿಗಳ ಟಾಯ್ಲೆಟ್ಟು ನಾರೋದೂ ಇದೇ ಕಾರಣಕ್ಕೆ. ನೀರು ಉಳಿಸೋಕೆ ಹೋಗಿ ನಾನು ನಾತಕ್ಕೆ ಬೇಕಾದ ಸಾಮಾನನ್ನೇ ಕೊಡದಲ್ಲಿ ತಂದು ಹಾಕಿದ್ದೆ. ಈಗ ಘಟ್ಟದ ಮೇಲಿಂದಲೇ ಸಿಹಿ ನೀರು ತುಂಬಿಸ್ಕೊಂಡು ಇಳಿತೀವಿ.

ಇನ್ನೊಂದು ಹೇಳಬೇಕು, ತೋಟ ಇರೋರಿಗೆ ಗೊತ್ತಿರತ್ತೆ, ಡ್ರಿಪ್ಪಲ್ಲಿ ಬಿಡೋ ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ. ಸಲ್ಫೇಟಿಗಿಂತ ಮೊದಲು ಬ್ಯಾಕ್ಟೀರಿಯಾಗಳು ನೈಟ್ರೇಟನ್ನೇ ಬಳಸ್ತವೆ, ಹಾಗಾಗಿ ಅದು ಇರೋ ತನಕ ಮೊಟ್ಟೆ ವಾಸನೆಯ ಗ್ಯಾಸು ಹುಟ್ಟೋದು ಕಮ್ಮಿ. ದೊಡ್ಡ ಚರಂಡಿ ಲೈನುಗಳಲ್ಲೂ ಇದನ್ನ ಬಳಸ್ತಾರೆ. ಟ್ಯಾಂಕು ಖಾಲಿ ಮಾಡಿದ ಮೇಲೆ ಹತ್ತು ಲೀಟರ್ ನೀರಿಗೆ ನಾನು ಒಂದು ಹಿಡಿ ಕರಗಿಸಿ ಹಾಕ್ತೀನಿ, ಫಾರ್ಮಾಲಿನ್ ಇರೋ ಟಾಯ್ಲೆಟ್ ಕೆಮಿಕಲ್ಲು ಮುಟ್ಟಲ್ಲ. ಫಾರ್ಮಾಲಿನ್ನು, ಫಿನಾಯಿಲ್ಲು ಎರಡೂ ಬ್ಯಾಕ್ಟೀರಿಯಾನ ಸಾಯಿಸ್ತವೆ, ಆಮೇಲೆ ಅದನ್ನ ಮನೆ ಸೆಪ್ಟಿಕ್ ಟ್ಯಾಂಕಿಗೆ ಬಿಟ್ರೆ ಅಲ್ಲಿ ಕೆಲಸ ಮಾಡ್ತಿರೋ ಬ್ಯಾಕ್ಟೀರಿಯಾನೂ ಸಾಯ್ತವೆ. ಬ್ಲೀಚಿಂಗ್ ಪೌಡರ್ ಅಂತೂ ಬೇಡವೇ ಬೇಡ, ಅದರ ಜೊತೆ ಆಸಿಡ್ ಕ್ಲೀನರ್ ಬಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ, ಗಾಡಿಯಂಥ ಸಣ್ಣ ಜಾಗದಲ್ಲಿ ಅದು ಜೀವಕ್ಕೇ ಅಪಾಯ.

ಸಣ್ಣ ಪುಟ್ಟದ್ದು ಕೆಲವು ಇದೆ. ಛಾವಣಿ ಫ್ಯಾನು ಓಡ್ತಿರುವಾಗ ಪೆಡಲ್ ಒತ್ತಬಾರದು, ಫ್ಯಾನು ಟ್ಯಾಂಕಿನ ಗಾಳಿನೇ ಒಳಗೆ ಎಳೀತದೆ. ಕೈ ತೊಳೆಯೋ ಬೇಸಿನ್ ಕೆಳಗಿನ ಬಾಗಿದ ಪೈಪಲ್ಲಿ ನೀರು ನಿಂತಿರತ್ತಲ್ಲ, ಘಾಟಿ ತಿರುವಲ್ಲಿ ಅದು ತುಳುಕಿ ಹೋಗತ್ತೆ, ಆಮೇಲೆ ಸೋಪಿನ ನೀರಿನ ಟ್ಯಾಂಕಿನ ವಾಸನೆ ಅಲ್ಲಿಂದ ಬರತ್ತೆ, ಕೆಳಗಿಳಿದ ಕೂಡಲೇ ಒಂದು ಚೊಂಬು ನೀರು ಹಾಕಿದ್ರೆ ಮುಗೀತು. ಕೆಳಗಿನ ವಾಲ್ವನ್ನ ಟ್ಯಾಂಕು ತುಂಬೋ ತನಕ ಮುಚ್ಚೇ ಇಡಬೇಕು, ತೆರೆದಿಟ್ರೆ ನೀರು ಹರಿದು ಹೋಗಿ ಗಟ್ಟಿ ಮಾತ್ರ ಗುಡ್ಡೆಯಾಗಿ ಒಣಗಿ ಕೂರತ್ತೆ. ನಾವು ಪೇಪರ್ ಬದಲು ನೀರು ಬಳಸೋರು, ಅದು ಈ ವಿಷಯದಲ್ಲಿ ಒಳ್ಳೇದೇ, ಟ್ಯಾಂಕು ಬೇಗ ತುಂಬತ್ತೆ ಆದ್ರೆ ಎಲ್ಲಾ ತೆಳ್ಳಗಿರತ್ತೆ. ಫ್ಲಶ್ ಕಮ್ಮಿ ಮಾಡಿ ಅಂತ ಮನೆಯವರಿಗೆ ಹೇಳ್ತಿದ್ದೆ ಮೊದಲು, ಈಗ ಎರಡು ಚೊಂಬು ಜಾಸ್ತಿನೇ ಹಾಕಿ ಅಂತೀನಿ.

ಖಾಲಿ ಮಾಡೋದು ನಮ್ಮನೆ ಸೆಪ್ಟಿಕ್ ಟ್ಯಾಂಕಿಗೆ ಮಾತ್ರ. ರಸ್ತೆ ಬದಿ, ಅಘನಾಶಿನಿ ದಂಡೆ, ಕಾಡಲ್ಲಿ ವಾಲ್ವ್ ತೆರೆಯೋರ ಬಗ್ಗೆ ನನಗೆ ಸಿಟ್ಟಿದೆ, ಆ ನದಿಲಿ ಬಳಚು (ತಿನ್ನೋ ಚಿಪ್ಪುಜೀವಿ) ಆರಿಸಿ ಬದುಕೋ ಜನ ಇದ್ದಾರೆ. ಖಾಲಿ ಮಾಡುವಾಗ ಗ್ಲೌಸ್ ಹಾಕಿ, ಗಾಳಿ ಬೆನ್ನ ಹಿಂದಿಂದ ಬೀಸೋ ಹಾಗೆ ನಿಂತು ಮಾಡಿ, ಸೆಪ್ಟಿಕ್ ಟ್ಯಾಂಕಿನ ಬಾಯಿಗೆ ಬಗ್ಗಿ ನೋಡಬೇಡಿ, ಯಾರನ್ನೂ ಒಳಗೆ ಇಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಆದಾಗ ಮೂಗೇ ಮರಗಟ್ಟತ್ತೆ, ವಾಸನೆ ಇಲ್ಲ ಅಂತ ಅನ್ನಿಸುವಾಗಲೇ ಅದು ಕೊಲ್ಲತ್ತೆ.

ದೀಪಾವಳಿ ಮುಗಿದ ಮೇಲೆ ಮತ್ತೆ ಕಾರವಾರಕ್ಕೆ ಹೋದ್ವಿ. ಟ್ಯಾಗೋರ್ ಬೀಚ್ ಹತ್ರ ಗಾಡಿ ನಿಲ್ಲಿಸಿ ಬಾಗಿಲು ತೆರೆದು ಕೂತಿದ್ವಿ, ಮೂರನೇ ದಿನ ಅದು, ಟ್ಯಾಂಕು ಮುಕ್ಕಾಲು ತುಂಬಿತ್ತು. ಆಯಿ ಮಜ್ಜಿಗೆ ನೀರು ಒಂದು ಲೋಟ ಕುಡಿದು ಇನ್ನೊಂದು ಲೋಟ ಕೇಳಿದ್ಲು.