ಹಬ್ ದಪ್ಪ ಮಾಡುವ ಮುಂಚೆ ನಟ್‌ಗೆ ಜಾಗ ನೋಡಿ

ಹೋದ ವಾರ ಸೋಮವಾರಪೇಟೆಯಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ತೋಟದ ದಾರಿಯಲ್ಲಿ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದು ಎರಡು ದಿನ ಕರೆಂಟ್ ಇಲ್ಲ. ಲ್ಯಾಪ್‌ಟಾಪ್ ಚಾರ್ಜ್ ಮುಗಿಯಿತು. ಕೈಯಲ್ಲಿ ಒಂದು ಪ್ರೆಶರ್ ವೆಸಲ್ (ಒತ್ತಡ ತಡೆಯುವ ಟ್ಯಾಂಕ್) ಫ್ಲೇಂಜ್, ಅಂದರೆ ಬೋಲ್ಟ್ ಹಾಕಿ ಸೇರಿಸುವ ಅಂಚಿನ, ಡಿಸೈನ್ ಕೆಲಸ ಇತ್ತು. ನೋಟ್‌ಬುಕ್ ತೆಗೆದು ಕೈಲೆಕ್ಕಕ್ಕೆ ಕೂತೆ.

ಅಪ್ಪ ಕಾಫಿ ಲೋಟ ಇಟ್ಟು ಚಿತ್ರ ನೋಡಿದರು. "ಈ ಕುತ್ತಿಗೆ ಯಾಕೆ ಇಳಿಜಾರು?" ಅಂದರು.

"ಹಲಸಿನ ಕೊಂಬೆ ಬುಡದಲ್ಲಿ ದಪ್ಪ ಇರುತ್ತಲ್ಲಪ್ಪ, ಹಾಗೆ."

ಅದೇ ಹಬ್. ಟ್ಯಾಂಕಿನ ತೆಳು ಗೋಡೆ, ಅಂದರೆ ಶೆಲ್, ಬೋಲ್ಟ್ ಕೂರುವ ದಪ್ಪ ರಿಂಗ್‌ಗೆ ಸೇರುವ ಜಾಗ. ಬೋಲ್ಟ್ ಬಿಗಿದಾಗ ರಿಂಗ್ ತಿರುಗಲು ನೋಡುತ್ತದೆ, ಹಬ್ ಅದನ್ನು ಹಿಡಿದುಕೊಳ್ಳುತ್ತದೆ.

ಹಬ್‌ಗೆ ಮೂರು ಅಳತೆ. ಸಣ್ಣ ತುದಿಯ ದಪ್ಪ ಜಿ-ಜೀರೋ, ರಿಂಗ್ ಹಿಂಬದಿಗೆ ಸೇರುವಲ್ಲಿ ಹಬ್ ದಪ್ಪ ಜಿ-ಒನ್, ಉದ್ದ ಎಚ್. ಜಿ-ಜೀರೋ ಸಾಮಾನ್ಯವಾಗಿ ಶೆಲ್ ದಪ್ಪದಿಂದಲೇ ಬರುತ್ತದೆ. ಉಳಿದೆರಡು ನಮ್ಮ ಕೈಯಲ್ಲಿ. ಪ್ರೆಶರ್ ವೆಸಲ್‌ಗೆ ನಾವು ಅನುಸರಿಸುವ ಅಮೆರಿಕದ ಕೋಡ್ ಎ.ಎಸ್.ಎಂ.ಇ. ಸೆಕ್ಷನ್ 8, ಡಿವಿಷನ್ 1ರ ಅಪೆಂಡಿಕ್ಸ್ 2 ಇಂತಿಷ್ಟೇ ಇಡಿ ಅಂತ ಹೇಳುವುದಿಲ್ಲ. ನಾವು ಇಟ್ಟದ್ದು ತಡೆಯುತ್ತದಾ ಅಂತ ನೋಡುತ್ತದೆ, ಅಷ್ಟೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡಿದ ತಪ್ಪು ಇಲ್ಲೇ. ಒಳವ್ಯಾಸ 600 ಮಿ.ಮೀ., ಜಿ-ಜೀರೋ 10, ಜಿ-ಒನ್ 16, ಮುಕ್ಕಾಲು ಇಂಚಿನ ಬೋಲ್ಟ್. ಹಬ್‌ನಿಂದ ಬೋಲ್ಟ್ ನಡುವಿಗೆ 29 ಮಿ.ಮೀ. ಬಿಟ್ಟು ಬೋಲ್ಟ್ ಸರ್ಕಲ್, ಅಂದರೆ ಬೋಲ್ಟ್ ನಡುಗಳು ಕೂರುವ ವೃತ್ತದ ವ್ಯಾಸ, 690 ಇಟ್ಟಿದ್ದೆ. ಹಬ್ ಸ್ಟ್ರೆಸ್ ಪಾಸ್ ಆಗಲಿಲ್ಲ. ಜಿ-ಒನ್ 24 ಮಾಡಿದೆ, ಪಾಸ್ ಆಯಿತು. ಬೋಲ್ಟ್ ಸರ್ಕಲ್ ಮುಟ್ಟಲೇ ಇಲ್ಲ. 29 ಇದ್ದದ್ದು 21ಕ್ಕೆ ಇಳಿದಿತ್ತು.

ವರ್ಕ್‌ಶಾಪ್‌ನಿಂದ ಫಿಟ್ಟರ್ ಅಣ್ಣ ಕರೆದರು. ನಟ್ ಹಾಕಿ ತೋರಿಸಿದರು. ಒಂದು ಮೂಲೆ ಹಬ್ ಬುಡದ ರೇಡಿಯಸ್ (ರಿಂಗ್‌ಗೆ ಸೇರುವ ಮೂಲೆಯ ದುಂಡು) ಮೇಲೆ ಹತ್ತಿ ನಟ್ ವಾರೆಯಾಗಿ ಕೂತಿತ್ತು. ಒಂದು ಕಡೆ ಕಾಗದ ತೂರುವಷ್ಟು ಸಂದು. ಆ ನಟ್‌ಗೆ ನಡುವಿನಿಂದ ಮೂಲೆಗೆ 18 ಮಿ.ಮೀ. ಚಿಲ್ಲರೆ ಬೇಕು. ರೇಡಿಯಸ್ ಜಿ-ಒನ್‌ನ ಕಾಲು ಭಾಗ, ಅಂದರೆ 6. ಎರಡೂ ಸೇರಿ 24 ದಾಟುತ್ತದೆ. 21ರಲ್ಲಿ ಎಲ್ಲಿಂದ ಕೂರಬೇಕು? ಆ ದಿನ ಸ್ಪ್ಯಾನರ್ ತಿರುಗಲೂ ಇಲ್ಲ.

ಸರ್ಕಲ್ 706 ಮಾಡಿದರೆ ಆಯಿತಲ್ವಾ? ಆಗುತ್ತದೆ, ಆದರೆ ಸುಮ್ನೆ ಅಲ್ಲ. ಶೆಲ್ ಎಳೆತದ ಮೊಮೆಂಟ್ ಆರ್ಮ್, ಅಂದರೆ ಆ ಎಳೆತಕ್ಕೂ ಬೋಲ್ಟ್ ನಡುವಿಗೂ ಇರುವ ದೂರ, ಜಿ-ಒನ್ 16 ಇದ್ದಾಗಿನ 37ರಿಂದ 41 ಆಗುತ್ತದೆ. ಹಬ್ ದಪ್ಪ ಮಾಡಿ ಗಳಿಸಿದ್ದರಲ್ಲಿ ಸ್ವಲ್ಪ ಅಲ್ಲೇ ಹೋಗುತ್ತದೆ. ಫ್ಲೇಂಜ್ ಹೊರವ್ಯಾಸವೂ ಬೆಳೆಯುತ್ತದೆ.

ಹಾಗಾಗಿ ಈಗ ನಾನು ಮೊದಲು ನೋಡುವುದು ಎಚ್. ಉದ್ದಕ್ಕೆ ಬೋಲ್ಟ್ ಕಡೆ ಜಾಗ ಬೇಡ. ಒಳವ್ಯಾಸವನ್ನು ಜಿ-ಜೀರೋದಿಂದ ಗುಣಿಸಿ ವರ್ಗಮೂಲ ತೆಗೆದರೆ ಎಚ್-ಜೀರೋ. ಇಲ್ಲಿ 77.5. ಎಚ್ ಅದರ ಎಷ್ಟು ಪಾಲು ಅನ್ನುವುದರ ಮೇಲೆ ಅಪೆಂಡಿಕ್ಸ್‌ನ ಚಾರ್ಟ್ ನಡೆಯುತ್ತದೆ. ಹಬ್ ಗಿಡ್ಡವಾಗಿ ಕಡಿದಾದರೆ ಎಫ್ ಅನ್ನುವ ಫ್ಯಾಕ್ಟರ್ 1 ದಾಟುತ್ತದೆ. ಅಂದರೆ ಸ್ಟ್ರೆಸ್ ಸಣ್ಣ ತುದಿಯಲ್ಲೇ ಜಾಸ್ತಿ. ಉದ್ದ ಮಾಡುತ್ತಾ ಹೋದರೆ ಎಫ್ 1ಕ್ಕೆ ಇಳಿಯುತ್ತದೆ. ಅಲ್ಲಿಗೆ ಉದ್ದದ ಲಾಭ ಮುಗಿಯಿತು. ಆಮೇಲೂ ಸಾಲದಿದ್ದರೆ ರಿಂಗ್ ದಪ್ಪ ಮಾಡುತ್ತೇನೆ, ರಿಂಗ್ ತಿರುಗುವುದು ಕಡಿಮೆಯಾದರೆ ಹಬ್‌ಗೂ ಹಗುರ. ಜಿ-ಒನ್ ಕೊನೆಗೆ.

ಈ ಸಲದ್ದೂ 600ರದೇ. ಜಿ-ಒನ್ 20, ಎಚ್ 40, ಸರ್ಕಲ್ 698. ನಟ್ ಅಳತೆಗೆ ರಟ್ಟು ಕತ್ತರಿಸಿ ಚಿತ್ರದ ಮೇಲೆ ಇಟ್ಟು ನೋಡಿದೆ. ಆರಾಮಾಗಿ ಕೂತಿತು. ಮೂರನೇ ದಿನ ಕರೆಂಟ್ ಬಂತು, ಅದೇ ಅಳತೆ ಸಾಫ್ಟ್‌ವೇರ್‌ಗೆ ಹಾಕಿದೆ.