'ಬಾ'ಗೆ ಬರಬೇಡಿ ಅಂದ ಬೇಸಿಗೆ

ಕೊರೊನಾ ಕಾಲದಲ್ಲಿ ಅಲ್ಲಿ ಹೇಗಿತ್ತು ಅಂತ ಊರಿಗೆ ಬಂದಾಗ ಈಗಲೂ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಆಸ್ಪತ್ರೆ, ಅಂಗಡಿ ಮುಂದಿನ ಸಾಲು, ಖಾಲಿ ರಸ್ತೆ, ಇದನ್ನೆಲ್ಲ ನೀವೂ ಟೀವಿಯಲ್ಲಿ ನೋಡಿದ್ದೀರಿ, ಅದನ್ನೇ ಮತ್ತೆ ಹೇಳುವುದೇನು. ನನಗೆ ಮೊದಲು ನೆನಪಾಗುವುದು ಒಂದು ಬಾಗಿಲು. ಲೆಸ್ಟರ್‌ನ ನಮ್ಮ ದೇವಸ್ಥಾನದ ಬಾಗಿಲು. ಅಲ್ಲಿ ಹಳದಿ ಜಾಕೆಟ್ ಹಾಕಿಕೊಂಡು, ಕೈಯಲ್ಲಿ ಕ್ಲಿಪ್‌ಬೋರ್ಡ್ ಹಿಡಿದು, ಬಂದವರಲ್ಲಿ ಯಾರನ್ನು ಒಳಗೆ ಬಿಡಬೇಕು, ಯಾರನ್ನು ವಾಪಸ್ ಕಳಿಸಬೇಕು ಅಂತ ನೋಡುತ್ತಿದ್ದವಳು ನಾನು.

ಲೆಸ್ಟರ್ ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ನಡುಭಾಗದ ಊರು. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಏಷ್ಯಾದವರನ್ನು ಉಗಾಂಡದಿಂದ ಓಡಿಸಿದಾಗ ಸಾವಿರಾರು ಗುಜರಾತಿಗಳು ಬಂದು ನೆಲೆ ನಿಂತದ್ದು ಇಲ್ಲೇ. ನಮ್ಮ ಮನೆ ಹತ್ತಿರದ ದೇವಸ್ಥಾನವೂ ಅವರದ್ದೇ. ಹಿಂದೆ ಅದು ಚರ್ಚ್ ಆಗಿತ್ತು. ಒಳಗೆ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಮೇಲೆ ನೋಡಿದರೆ ಚರ್ಚಿನ ಉದ್ದುದ್ದ ಕಿಟಕಿಗಳು. ಕನ್ನಡದವರು ನಾವು ನಾಲ್ಕೈದು ಮನೆ ಹೋಗುತ್ತೇವೆ. ಭಜನೆ ಗುಜರಾತಿ, ಪ್ರಸಾದ ಸುಖಡಿ, ಆರತಿ ಮಾತ್ರ ಎಲ್ಲ ಕಡೆ ಒಂದೇ ಅಲ್ವಾ, ಹಾಗೆ ಹೊಂದಿಕೊಂಡು ಹೋಗುತ್ತಿತ್ತು.

2020ರ ಮಾರ್ಚ್ 23, ಸೋಮವಾರ ರಾತ್ರಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಟೀವಿಯಲ್ಲಿ ಬಂದು ಮನೆಯಲ್ಲೇ ಇರಿ ಅಂದರು. ಬುಧವಾರ ಯುಗಾದಿ. ಇಂಡಿಯನ್ ಅಂಗಡಿಯಿಂದ ತಂದಿಟ್ಟಿದ್ದ ಒಣ ಬೇವಿನಲ್ಲೇ ಬೇವುಬೆಲ್ಲ ಮಾಡಿ ಮೂವರು ತಿಂದೆವು. ಅದೇ ದಿನ ಭಾರತದಲ್ಲೂ ಲಾಕ್‌ಡೌನ್ ಶುರುವಾಗಿತ್ತು. ಅಮ್ಮ ಫೋನಿನಲ್ಲಿ, "ಗುಡಿ ಬಾಗಿಲು ಹಾಕಿದ್ದಾರೆ ಕಣೆ, ಹಬ್ಬದ ದಿನ ಹೀಗೆ ನಾನು ನೋಡೇ ಇಲ್ಲ" ಅಂದಳು. ನಾನೂ ನೋಡಿರಲಿಲ್ಲ.

ತೆರೆಯುವ ಮಾತು ಬಂದದ್ದು ಜೂನ್‌ನಲ್ಲಿ. ನಿಮ್ಮಲ್ಲಿ ಜೂನ್ 8ಕ್ಕೆ ತೆರೆದರು. ಇಂಗ್ಲೆಂಡಿನಲ್ಲಿ ಜೂನ್ 13ಕ್ಕೆ, ಅದೂ ಒಬ್ಬೊಬ್ಬರೇ ಬಂದು ಕೈಮುಗಿದು ಹೋಗುವುದಕ್ಕೆ ಮಾತ್ರ. ಪೂಜೆಗೆ ಗುಂಪು ಸೇರುವ ಹಾಗಿಲ್ಲ. ಅಮ್ಮನಿಗೆ ಅರವತ್ತೆಂಟು. 65 ದಾಟಿದವರು ಮನೆಯಲ್ಲೇ ಇರುವುದು ಒಳ್ಳೆಯದು ಅಂತ ಕೇಂದ್ರದವರ ಸೂಚನೆಯಲ್ಲಿತ್ತು. "ಇಷ್ಟು ವರ್ಷ ಗುಡಿ ಗುಡಿಸಿ ರಂಗೋಲಿ ಹಾಕಿದವರಿಗೇ ಬರಬೇಡಿ ಅಂದರೆ ಹೇಗೆ" ಅಂತ ಅವಳ ತಕರಾರು. ನಾನು ದೊಡ್ಡದಾಗಿ ಬುದ್ಧಿ ಹೇಳಿದೆ. ಒಂದು ವಾರ ಕಳೆಯುವಷ್ಟರಲ್ಲಿ ಆ ಮಾತನ್ನೇ ಬೇರೆಯವರ ಅಮ್ಮಂದಿರಿಗೆ ಹೇಳುವ ಕೆಲಸ ನನ್ನ ತಲೆಗೆ ಬಂತು.

ಹೇಗೆಂದರೆ, ನಮ್ಮ ದೇವಸ್ಥಾನದ ಕಮಿಟಿಯಲ್ಲಿ ಇರುವ ಕಾಕಾಗಳೆಲ್ಲ ಎಪ್ಪತ್ತು ದಾಟಿದವರು. ಸೇವೆಗೆ ನಿಲ್ಲುವವರೂ ಅವರೇ, ಕಾಯಿಲೆ ಬಂದರೆ ಜಾಸ್ತಿ ಅಪಾಯವೂ ಅವರಿಗೇ. ಸರ್ಕಾರ ಹೂಂ ಅಂದ ಮಾತ್ರಕ್ಕೆ ಬಾಗಿಲು ತೆರೆಯುವುದಕ್ಕೆ ಆಗಲಿಲ್ಲ, ಕೀಲಿ ತಿರುಗಿಸುವ ಕೈಗಳೇ ಮನೆಯಲ್ಲಿ ಕೂತಿದ್ದವು. ಐವತ್ತರ ಒಳಗಿನವರು ಯಾರಾದರೂ ಬನ್ನಿ ಅಂತ ವಾಟ್ಸ್ಯಾಪ್‌ನಲ್ಲಿ ಕೇಳಿದರು, ನಾನು ಹೂಂ ಅಂದೆ. ಮನೆಯಲ್ಲಿ ಕೂತು ಕೂತು ಸಾಕಾಗಿತ್ತು ಅನ್ನುವುದೇ ನಿಜವಾದ ಕಾರಣ, ಭಕ್ತಿ ಅಂತೆಲ್ಲ ಹೇಳಿದರೆ ಸುಳ್ಳಾಗುತ್ತದೆ.

ನಿಯಮಗಳನ್ನು ಓದುತ್ತಾ ಹೋದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಎರಡು ಮೀಟರ್ ದೂರ, ಅದಕ್ಕೆ ನೆಲದ ಮೇಲೆ ಟೇಪು. ಮೂರ್ತಿ, ಪಾದುಕೆ ಯಾವುದನ್ನೂ ಮುಟ್ಟುವ ಹಾಗಿಲ್ಲ. ತೀರ್ಥ ಇಲ್ಲ. ಪ್ರಸಾದ ಕೈಯಿಂದ ಕೈಗೆ ಕೊಡುವ ಹಾಗಿಲ್ಲ. ಹಾಡಬಾರದು, ಜೋರಾಗಿ ಮಂತ್ರ ಹೇಳಬಾರದು. ಪುಸ್ತಕ ಹಂಚಬಾರದು. ಬಂದವರ ಹೆಸರು, ಫೋನ್ ನಂಬರ್ ಬರೆದು 21 ದಿನ ಇಟ್ಟುಕೊಳ್ಳಬೇಕು. ನಮ್ಮ ದೇವಸ್ಥಾನ ಅಂದರೆ ಮುಟ್ಟುವುದು, ತಿನ್ನುವುದು, ಹಾಡುವುದು, ಒತ್ತಿಕೊಂಡು ಕೂರುವುದು. ಇದಿಷ್ಟನ್ನೂ ಕಳೆದರೆ ಉಳಿಯುವುದು ನೋಟ ಒಂದೇ. ಗಂಟೆಯನ್ನು ಎಲ್ಲರೂ ಮುಟ್ಟುತ್ತಾರೆ ಅಂತ ಅದಕ್ಕೆ ಕೆಂಪು ಬಟ್ಟೆ ಸುತ್ತಿ ಕಟ್ಟಿದೆವು. ಆದರೂ ಕೈ ಕೇಳಬೇಕಲ್ಲ. ಬಂದವರು ಅಭ್ಯಾಸಬಲದಿಂದ ಕೈ ಎತ್ತುವುದು, ಬಟ್ಟೆ ನೋಡಿ ಪೆಚ್ಚಾಗಿ ಇಳಿಸುವುದು, ದಿನಾ ಇದೇ.

ಒಂದು ವಿಷಯ ಮಾತ್ರ ಯಾವ ನಿಯಮದ ಹಾಳೆ ಓದುವಾಗಲೂ ನಮಗೆ ಹೊಳೆದಿರಲಿಲ್ಲ. ಬಾಗಿಲಲ್ಲೇ ಎಲ್ಲರ ಕೈಗೂ ಸ್ಯಾನಿಟೈಸರ್ ಹಾಕುತ್ತಿದ್ದೆವು. ಹತ್ತು ಹೆಜ್ಜೆ ಮುಂದೆ ದೀಪ ಉರಿಯುತ್ತಿದೆ. ಸ್ಯಾನಿಟೈಸರ್ ಅಂದರೆ ಬಹುಪಾಲು ಆಲ್ಕೋಹಾಲ್, ಒಣಗುವ ಮುಂಚೆ ಬೆಂಕಿಯ ಹತ್ತಿರ ಕೈ ಒಯ್ದರೆ ಕಥೆ ಮುಗಿಯಿತು. ಮೊದಲ ದಿನವೇ ಒಬ್ಬ ಹುಡುಗ ಒದ್ದೆ ಕೈಯಲ್ಲಿ ಆರತಿ ತೆಗೆದುಕೊಳ್ಳಲು ಬಗ್ಗಿದ, ಪೂಜಾರಿ "ರುಕೋ!" ಅಂತ ಕೂಗಿದ ಸದ್ದಿಗೆ ಎಲ್ಲರೂ ಬೆಚ್ಚಿದರು. ಅವತ್ತೇ ಸ್ಯಾನಿಟೈಸರ್ ಬಾಟಲಿ ಹೊರಗಿನ ಗೇಟಿಗೆ ಹೋಯಿತು, ಒಳಗೆ ಸೋಪು ನೀರು ಬಂತು.

ಇನ್ನೇನು ಜುಲೈ 4ಕ್ಕೆ ಇಡೀ ಇಂಗ್ಲೆಂಡಿನಲ್ಲಿ ಗುಂಪು ಪೂಜೆಗೂ ಒಪ್ಪಿಗೆ ಸಿಗುತ್ತದೆ ಅಂತ ನಾವು ಟೇಪು ಅಳೆಯುತ್ತಿದ್ದಾಗ ಜೂನ್ 29ರ ರಾತ್ರಿ ಸುದ್ದಿ ಬಂತು. ಲೆಸ್ಟರ್ ಒಂದಕ್ಕೆ ಬೇರೆ ಲಾಕ್‌ಡೌನ್. ಇಲ್ಲಿ ಕೇಸು ಜಾಸ್ತಿ. ದೇಶದಲ್ಲಿ ಹೀಗೆ ಮೊದಲು ಬಾಗಿಲು ಹಾಕಿಸಿಕೊಂಡ ಊರು ನಮ್ಮದು. ಮಿಕ್ಕವರೆಲ್ಲ ಪಬ್‌ಗೆ ಹೋದ ಶನಿವಾರ ನಾವು ಮತ್ತೆ ಒಬ್ಬೊಬ್ಬರೇ ಬಂದು ಕೈಮುಗಿಯುವ ಲೆಕ್ಕದಲ್ಲೇ ಉಳಿದೆವು. ಹತ್ತತ್ತು ನಿಮಿಷದ ಸ್ಲಾಟು, ಮೊದಲೇ ಫೋನ್ ಮಾಡಿ ಬುಕ್ ಮಾಡಬೇಕು.

ಆಗ ಬಂದವರು ಬಾ.

ಗುಜರಾತಿಯಲ್ಲಿ ವಯಸ್ಸಾದ ತಾಯಂದಿರನ್ನು 'ಬಾ' ಅನ್ನುತ್ತಾರೆ. ನಮ್ಮ ಕನ್ನಡದ ಕಿವಿಗೆ ಅದು ಕೇಳುವುದು ಹೇಗೆ ಅಂತ ನಿಮಗೆ ಗೊತ್ತು. ಇವರಿಗೆ ಎಂಬತ್ತೊಂದು ವರ್ಷ. ಲಾಕ್‌ಡೌನಿಗೆ ಮುಂಚೆ ಒಂದು ದಿನವೂ ಬೆಳಗಿನ ಆರತಿ ತಪ್ಪಿಸಿದವರಲ್ಲ. ಉಸಿರಾಟದ ತೊಂದರೆ ಇತ್ತು, ಮನೆಯಲ್ಲೇ ಇದ್ದು ಜೋಪಾನವಾಗಿರಿ ಅಂತ ಶೀಲ್ಡಿಂಗ್ ಪತ್ರವೂ ಬಂದಿತ್ತು. ಬುಕಿಂಗ್ ಗಿಕಿಂಗ್ ಏನೂ ಇಲ್ಲ, ತಳ್ಳುಗಾಡಿ ಹಿಡಿದು ಬೆಳಗ್ಗೆ ಏಳೂವರೆಗೆ ಗೇಟಿನ ಮುಂದೆ. ನಾನು, "ಬಾ, ನೀವು ಒಳಗೆ ಬರುವ ಹಾಗಿಲ್ಲ" ಅಂತ ನನ್ನ ಹರಕುಮುರುಕು ಹಿಂದಿಯಲ್ಲಿ ಹೇಳಬೇಕು. ಬಾ ಅಂತ ಕರೆದು ಬರಬೇಡಿ ಅನ್ನುವುದು. ಬಾಯಿಂದ ಆ ಮಾತು ಹೊರಡುವಾಗಲೇ ನನಗೆ ಹೇಗೋ ಆಯಿತು.

ಅವರೇನು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಮಾಸ್ಕಿನ ಮೇಲಿನ ಕಣ್ಣಲ್ಲಿ ನನ್ನನ್ನು ನೋಡಿ ನಕ್ಕರು. ನಾವು ಉಗಾಂಡದಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದಾಗ ಇದೇ ಲೆಸ್ಟರ್‌ನವರು ಅಲ್ಲಿನ ಪೇಪರಿನಲ್ಲಿ ಜಾಹೀರಾತು ಹಾಕಿದ್ದರು, ನಮ್ಮೂರಿಗೆ ಬರಬೇಡಿ, ಜಾಗ ಇಲ್ಲ ಅಂತ. ಅದನ್ನು ಓದಿಯೇ ನಾವು ಇಲ್ಲಿಗೆ ಬಂದದ್ದು ಅಂದರು. ಸುಮ್ನೆ ಕಥೆ ಹೊಡೆಯುತ್ತಿದ್ದಾರೆ ಅಂದುಕೊಂಡೆ. ಮನೆಗೆ ಹೋಗಿ ಹುಡುಕಿದರೆ ನಿಜ, 1972ರಲ್ಲಿ ನಗರಸಭೆಯವರು ಉಗಾಂಡದ ಪತ್ರಿಕೆಯಲ್ಲಿ ಹಾಗೆ ಜಾಹೀರಾತು ಕೊಟ್ಟಿದ್ದರು. ಬರಬೇಡಿ ಅನ್ನಿಸಿಕೊಂಡು ಐವತ್ತು ವರ್ಷ ಪಳಗಿದವರಿಗೆ ನನ್ನ ಕ್ಲಿಪ್‌ಬೋರ್ಡ್ ಯಾವ ಲೆಕ್ಕ?

ಅವತ್ತು ನಾನು ಮಾಡಿದ್ದು ಇಷ್ಟೇ. ಪಕ್ಕದಲ್ಲಿ ಚರ್ಚಿನ ಕಾಲದ ಇನ್ನೊಂದು ಬಾಗಿಲಿತ್ತು, ಚಳಿ ಬರುತ್ತದೆ ಅಂತ ವರ್ಷಗಟ್ಟಲೆ ಮುಚ್ಚೇ ಇಟ್ಟದ್ದು. ಅದರ ಚಿಲಕ ತೆಗೆಸಿ ಪೂರ್ತಿ ತೆರೆದಿಟ್ಟೆ. ಹೊರಗಿನ ಅಂಗಳದಲ್ಲಿ ಒಂದು ಕುರ್ಚಿ ಹಾಕಿ ಬಾ ಅವರನ್ನು ಕೂರಿಸಿದೆ. ಅಲ್ಲಿಂದ ಓರೆಯಾಗಿ ನೋಡಿದರೆ ರಾಮನ ಅರ್ಧ ಮುಖ ಮತ್ತು ಹನುಮಂತ ಪೂರ್ತಿ ಕಾಣುತ್ತಿದ್ದರು. "ಹನುಮಾನ್‌ಜಿ ಸಾಕು, ಉಳಿದದ್ದು ಅವನು ಹೇಳುತ್ತಾನೆ" ಅಂದರು. ನಾನು ಉಡುಪಿಯ ಕನಕನ ಕಿಂಡಿಯ ಕಥೆ ಹೇಳಿದೆ. ದೇವರೇ ಈ ಕಡೆ ತಿರುಗಿದನಾ ಅಂತ ಕೇಳಿ, ಸ್ವಲ್ಪ ಹೊತ್ತು ರಾಮನನ್ನೇ ನೋಡುತ್ತಿದ್ದರು.

ಆ ಬಾಗಿಲು ಮರುದಿನವೂ ತೆರೆದಿತ್ತು, ಬಾ ಬರುತ್ತಾರಲ್ಲ ಅಂತ. ದಿನಾ ಹೀಗೇ ಆಗಿ, ಕೊನೆಗೆ ಅದು ತೆರೆದೇ ಇರುವ ಬಾಗಿಲಾಯಿತು. ಇದನ್ನು ಯಾಕೆ ಇಷ್ಟು ಉದ್ದ ಹೇಳುತ್ತಿದ್ದೇನೆ ಅಂದರೆ, ಆಗ ನಾವು ಮಾಡಿದ್ದರಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು ಅದೊಂದೇ ಇರಬೇಕು. ಆ ದಿನಗಳಲ್ಲಿ ನಾವು ಒರೆಸದ ವಸ್ತುವೇ ಇರಲಿಲ್ಲ. ಚಪ್ಪಲಿ ಗೂಡು, ಬಾಗಿಲ ಹಿಡಿ, ಹುಂಡಿ, ನಲ್ಲಿ, ಗಂಟೆಗೊಮ್ಮೆ ಒರೆಸಿದ್ದೇ ಒರೆಸಿದ್ದು. ಮೇಲೆ ಕಿಟಕಿಗಳಿಗೆ ಬಣ್ಣ ಬಳಿದು ಅಂಟಿಕೊಂಡು ಕೂತಿದ್ದವು, ಅದರ ಕಡೆ ಯಾರೂ ತಲೆ ಎತ್ತಲಿಲ್ಲ. ವೈರಸ್ ಗಾಳಿಯಲ್ಲೂ ತೇಲುತ್ತದೆ, ಒಳಾಂಗಣದಲ್ಲಿ ಗಾಳಿ ಆಡಬೇಕು ಅಂತ 239 ವಿಜ್ಞಾನಿಗಳು ವಿಶ್ವ ಆರೋಗ್ಯ ಸಂಸ್ಥೆಯ ಕಿವಿ ಹಿಂಡಿದ್ದು ಅದೇ ಜುಲೈನಲ್ಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯ ಗಾಯನ ತಂಡದ ಸುದ್ದಿ ಕೂಡ ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು: ಮಾರ್ಚ್ 10ರ ಸಂಜೆ ಒಂದು ಚರ್ಚಿನಲ್ಲಿ 61 ಜನ ಸೇರಿ ಎರಡೂವರೆ ಗಂಟೆ ಹಾಡು ಅಭ್ಯಾಸ ಮಾಡಿದರು, 53 ಜನಕ್ಕೆ ಕಾಯಿಲೆ, ಇಬ್ಬರು ತೀರಿಕೊಂಡರು. ಹಾಡಬೇಡಿ ಅನ್ನುವ ನಿಯಮ ನನಗೆ ಎಷ್ಟೇ ಕಹಿಯಾದರೂ ಅದರಲ್ಲಿ ಅರ್ಥವಿತ್ತು. ಹುಂಡಿ ಒರೆಸುವುದರಲ್ಲಿ ಅಷ್ಟಿರಲಿಲ್ಲ. ಆ ಶ್ರಮದಲ್ಲಿ ಅರ್ಧ ಕಿಟಕಿಗೆ ಹಾಕಿದ್ದರೂ ಆಗುತ್ತಿತ್ತು.

ಕೊನೆಗೆ ಆಗಸ್ಟ್‌ನಲ್ಲಿ ನಮ್ಮ ಎಲೆಕ್ಟ್ರಿಷಿಯನ್ ಕಾಕಾ ಏಣಿ ಹತ್ತಿ ಆ ಕಿಟಕಿಗಳ ಬಣ್ಣ ಕೆರೆದರು. ತುದಿಗೆ ಹಿತ್ತಾಳೆ ಕೊಕ್ಕೆ ಇರುವ ಉದ್ದ ಕೋಲೊಂದು ಚರ್ಚಿನವರು ಬಿಟ್ಟುಹೋದ ಸಾಮಾನಿನಲ್ಲಿ ಸಿಕ್ಕಿತು, ಕೆಳಗೆ ನಿಂತೇ ಕಿಟಕಿ ಎಳೆದು ತೆರೆಯುವುದಕ್ಕೆ. ಅಷ್ಟು ವರ್ಷ ಅದನ್ನು ಬ್ಯಾನರ್ ಕಟ್ಟಲು ಬಳಸುತ್ತಿದ್ದೆವು!

ಆಗಸ್ಟ್ ಮೊದಲ ವಾರ ನಮಗೂ ಗುಂಪು ಪೂಜೆಗೆ ಒಪ್ಪಿಗೆ ಸಿಕ್ಕಿತು. ಆಗಸ್ಟ್ 8ರಿಂದ ಒಳಗೆ ಮಾಸ್ಕ್ ಕಡ್ಡಾಯ. ಆದರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವ ಹಾಗಿಲ್ಲ. ನಮ್ಮ ಬೀದಿಯ ಮುಸ್ಲಿಂ ಮನೆಯವರಿಗೆ ಇನ್ನೂ ಬೇಸರವಾಗಿತ್ತು, ಜುಲೈ 31 ಬಕ್ರೀದ್, ಮನೆಗಳ ಒಳಗೆ ಸೇರಬೇಡಿ ಅನ್ನುವ ಆದೇಶ ಉತ್ತರದ ಊರುಗಳಿಗೆ ಬಂದದ್ದು ಹಿಂದಿನ ರಾತ್ರಿ, ಮ್ಯಾಂಚೆಸ್ಟರ್ ಕಡೆಯ ಅವರ ನೆಂಟರು ಮಾಡಿಟ್ಟ ಬಿರಿಯಾನಿ ಮುಂದೆ ಕೂತು ಫೋನಿನಲ್ಲಿ ಹಬ್ಬ ಮಾಡಿದರಂತೆ. ಆಗಸ್ಟ್ 22ರ ಗಣೇಶನ ಹಬ್ಬಕ್ಕೆ ನಾವು ಕನ್ನಡದವರು ದೇವಸ್ಥಾನದಲ್ಲೇ ಸೇರಿದೆವು. ದೂರ ದೂರ ಕುರ್ಚಿ. ಪೂಜಾರಿ ಪಾರದರ್ಶಕ ಹಲಗೆಯ ಹಿಂದೆ ನಿಂತು ಒಬ್ಬರೇ ಮಂತ್ರ ಹೇಳಿದರು, ಬ್ಯಾಂಕ್ ಕೌಂಟರ್ ತರಹ. ಪ್ರಸಾದ ಕೇಳಿದರೆ, ಕಡುಬಿನ ಬದಲು ಅಂಗಡಿಯ ಪ್ಯಾಕೆಟ್ ಬಿಸ್ಕತ್ತು. ಮಗಳು ಕೇಳಿದಳು, "ಗಣಪತಿಗೆ ಡೈಜೆಸ್ಟಿವ್ ಇಷ್ಟಾನಾ ಅಮ್ಮ?" ಹೊಟ್ಟೆ ನೋಡಿದರೆ ಬೇಕೇ ಬೇಕು ಅನಿಸುತ್ತದೆ ಅಂತ ಇವರು.

ನವೆಂಬರ್ 5ಕ್ಕೆ ಮತ್ತೆ ಲಾಕ್‌ಡೌನ್. ಒಬ್ಬೊಬ್ಬರೇ ಬರಬಹುದು, ಸೇರುವ ಹಾಗಿಲ್ಲ. ನವೆಂಬರ್ 14 ದೀಪಾವಳಿ. ನಮ್ಮ ಲೆಸ್ಟರ್‌ನ ಬೆಲ್‌ಗ್ರೇವ್ ರೋಡಿನ ದೀಪಾವಳಿಗೆ ಬೇರೆ ವರ್ಷ ಕಾಲಿಡಲು ಜಾಗ ಇರುವುದಿಲ್ಲ, ಆ ವರ್ಷ ದೀಪಗಳು ಇದ್ದವು, ಜನ ಇರಲಿಲ್ಲ. ಕ್ಯಾಂಟರ್ಬರಿ ಆರ್ಚ್‌ಬಿಷಪ್, ಮುಖ್ಯ ರಬ್ಬಿ, ಮುಸ್ಲಿಂ, ಹಿಂದೂ, ಸಿಖ್ ಮುಖಂಡರು ಎಲ್ಲ ಒಟ್ಟಿಗೆ ಪ್ರಧಾನಿಗೆ ಪತ್ರ ಬರೆದರು: ನಾವು ಇಷ್ಟು ಕಟ್ಟುನಿಟ್ಟು ಮಾಡಿಕೊಂಡ ಮೇಲೂ ಮುಚ್ಚಿಸುವುದಕ್ಕೆ ಆಧಾರ ಏನು ಅಂತ. ನ್ಯಾಯವಾದ ಪ್ರಶ್ನೆಯೇ. ಮುಂದೆ ಸ್ಕಾಟ್ಲೆಂಡಿನ ಕೋರ್ಟೊಂದು 2021ರ ಮಾರ್ಚ್‌ನಲ್ಲಿ, ಅಲ್ಲಿನ ಸರ್ಕಾರ ಪೂಜಾಸ್ಥಳಗಳನ್ನು ಪೂರ್ತಿ ಮುಚ್ಚಿಸಿದ್ದು ಕಾನೂನಿಗೆ ವಿರುದ್ಧ ಅಂತಲೇ ತೀರ್ಪು ಕೊಟ್ಟಿತು. ಆದರೂ ನನಗೆ ಆಗ ಆ ಪತ್ರಕ್ಕೆ ಸಹಿ ಹಾಕು ಅಂದಿದ್ದರೆ ಕೈ ಬರುತ್ತಿತ್ತೋ ಇಲ್ಲವೋ. ಆ ತಿಂಗಳು ನಮ್ಮ ಕಮಿಟಿಯ ಇಬ್ಬರು ಕಾಕಾಗಳು ಹೋದರು. ಸೋಂಕು ತಗುಲಿದ್ದು ದೇವಸ್ಥಾನದಲ್ಲಲ್ಲ, ಒಬ್ಬರಿಗೆ ಮಗನ ಕೆಲಸದಿಂದ, ಇನ್ನೊಬ್ಬರಿಗೆ ಎಲ್ಲಿಂದಲೋ. ಆದರೂ ರಾತ್ರಿ ಮಲಗಿದಾಗ 21 ದಿನದ ಆ ಹೆಸರಿನ ಹಾಳೆಗಳೇ ಕಣ್ಣ ಮುಂದೆ ಬರುತ್ತಿದ್ದವು. ಯಾರ ಪಕ್ಕ ಯಾರು ನಿಂತಿದ್ದರು, ಯಾರನ್ನು ನಾನು ಹೋಗಲಿ ಅಂತ ಬಿಟ್ಟಿದ್ದೆ.

2021ರ ಜನವರಿಯಲ್ಲಿ ಮೂರನೇ ಲಾಕ್‌ಡೌನ್ ಬಂದಾಗ, ಇಂಗ್ಲೆಂಡಿನಲ್ಲಿ ಪೂಜಾಸ್ಥಳಗಳು ತೆರೆದಿರಬಹುದು ಅಂದರು. ಆಗ ಕಾಯಿಲೆ ಇನ್ನೂ ಜೋರು, ನಾವೇ ತೆರೆಯಲಿಲ್ಲ. ಅದೇ ತಿಂಗಳು ಸಾಲ್ಸ್‌ಬರಿ ಕೆಥೆಡ್ರಲ್‌ನಲ್ಲಿ ಆರ್ಗನ್ ಸಂಗೀತ ಕೇಳಿಸುತ್ತಾ ಲಸಿಕೆ ಹಾಕಿದರು, ಬರ್ಮಿಂಗ್‌ಹ್ಯಾಮ್‌ನ ಒಂದು ಮಸೀದಿಯಲ್ಲೂ ಶುರುವಾಯಿತು. ಮುಂದೆ ಲಂಡನ್ನಿನ ನೀಸ್ಡನ್ ಸ್ವಾಮಿನಾರಾಯಣ ಮಂದಿರದಲ್ಲೂ ಹಾಕಿದರು. ಬಾ ಲಸಿಕೆಗೆ ಮೊದಲು ಒಪ್ಪಲಿಲ್ಲ, ಸಾಲ್ಸ್‌ಬರಿಯ ವಿಡಿಯೋ ತೋರಿಸಿದ ಮೇಲೆ, ಇದು ಸೇವೆಯ ಹಾಗೇ ಇದೆಯಲ್ಲ ಅಂತ ಹೋಗಿ ಹಾಕಿಸಿಕೊಂಡರು.

2021ರ ಜುಲೈ 19, ಸೋಮವಾರ, ನಿಯಮಗಳು ಎದ್ದುಹೋದವು. ಗಂಟೆಯ ಬಟ್ಟೆ ಬಿಚ್ಚಲು ಹೋದರೆ ಗಂಟು ಬಿಗಿದು ಕೂತಿತ್ತು, ಅಡುಗೆಮನೆಯಿಂದ ಕತ್ತರಿ ತಂದೆ. ಮೊದಲು ಬಾರಿಸಲಿ ಅಂತ ಬಾ ಅವರನ್ನು ಕರೆದೆವು. ಅವರು ಕೈ ಎತ್ತಿದರು, ಯಾಕೋ ನಿಲ್ಲಿಸಿ ನನ್ನ ಮುಖ ನೋಡಿದರು, ಮುಟ್ಟಬಹುದಾ ಅಂತ. ನಾನು ಹೂಂ ಅಂದೆ. ಗಂಟೆ ಬಾರಿಸಿ, ಒಳಗೆ ಹೋಗಿ ರಾಮನ ಮುಂದೆ ಎರಡು ನಿಮಿಷ ನಿಂತು, ಮತ್ತೆ ಪಕ್ಕದ ಬಾಗಿಲಿನಿಂದ ಹೊರಗೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಇಲ್ಲಿ ಗಾಳಿ ಚೆನ್ನಾಗಿದೆ ಅಂದರು.

ಈಗಲೂ ಅಲ್ಲೇ ಕೂರುತ್ತಾರೆ, ಮಳೆ ಇಲ್ಲದಿದ್ದರೆ. ಹೋದ ಸಲ ಅಮ್ಮ ಇಲ್ಲಿಗೆ ಬಂದಿದ್ದಾಗ ಇಬ್ಬರೂ ಆ ಬಾಗಿಲ ಬಳಿ ಒಂದು ಗಂಟೆ ಮಾತಾಡಿದರು, ಇವಳು ಕನ್ನಡದಲ್ಲಿ, ಅವರು ಗುಜರಾತಿಯಲ್ಲಿ. ಏನು ಮಾತಾಡಿದಿರಿ ಅಂತ ಕೇಳಿದರೆ, "ಅದೇ, ನಮ್ಮನ್ನು ಬರಬೇಡಿ ಅಂದವರ ವಿಷಯ" ಅಂದಳು ಅಮ್ಮ.